ರಾಜಿಯಾದ ಮೇಲೆ ಕ್ರಿಮಿನಲ್ ಕೇಸು ಮುಗಿಯುವ ಬಗೆ

ಗಂಡ ಹೆಂಡತಿಯ ಜಗಳ ಠಾಣೆಗೆ ಹೋಗಿ ಎಫ್‌ಐಆರ್ ಆದ ಮೇಲೆ, ದೂರು ಕೊಟ್ಟವರೇ ಮನಸ್ಸು ಬದಲಿಸಿದರೂ ಆ ಕೇಸನ್ನು ತಾವಾಗಿ ವಾಪಸ್ ಪಡೆಯುವಂತಿಲ್ಲ. ಹಿರಿಯರ ಮುಂದೆ ಮಾತಾಗಿ, ಒಡವೆ ಹಿಂದಿರುಗಿ, ಜೀವನಾಂಶದ ಹಣ ಕೈಸೇರಿ, ವಿಚ್ಛೇದನವೂ ಸಿಕ್ಕ ಮೇಲೆ ಗಂಡನ ಮನೆಗೆ ಮತ್ತೆ ಸಮನ್ಸ್ ಬರುವುದುಂಟು. ಕ್ರಿಮಿನಲ್ ಕೇಸಿನಲ್ಲಿ ಎದುರುಬದಿರು ನಿಲ್ಲುವವರು ಸರ್ಕಾರ ಮತ್ತು ಆರೋಪಿಗಳು. ಕಾನೂನಿನ ಕಣ್ಣಿನಲ್ಲಿ ಅಪರಾಧ ನಡೆದಿರುವುದು ಸಮಾಜದ ವಿರುದ್ಧ; ದೂರುದಾರೆ ಅದರ ಮುಖ್ಯ ಸಾಕ್ಷಿ. ಹಾಗಾಗಿ ದಂಪತಿಯ ನಡುವಿನ ಒಪ್ಪಂದ ಎಷ್ಟೇ ಗಟ್ಟಿಯಾಗಿರಲಿ, ನ್ಯಾಯಾಲಯದ ಆದೇಶ ಆಗುವವರೆಗೂ ಕೇಸು ಜೀವಂತವಾಗಿಯೇ ಇರುತ್ತದೆ.

ವೈವಾಹಿಕ ಕ್ರೌರ್ಯದ ಕಲಂ 498ಎ ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯ ಕಲಂ 85 ಮತ್ತು 86ರಲ್ಲಿದೆ. ಶಿಕ್ಷೆ ಹಿಂದಿನಂತೆಯೇ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಆ ದಿನಾಂಕಕ್ಕಿಂತ ಮೊದಲು ನಡೆದ ಘಟನೆಗಳ ಕೇಸುಗಳು ಈಗಲೂ 498ಎ ಹೆಸರಿನಲ್ಲೇ ಸಾಗುತ್ತಿವೆ.

ಯಾವ ಅಪರಾಧಗಳಲ್ಲಿ ಪಕ್ಷಗಾರರು ರಾಜಿ ಮಾಡಿಕೊಳ್ಳಬಹುದು ಎಂಬ ಪಟ್ಟಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 320ರಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲಿದೆ. ಸಾಮಾನ್ಯ ಹಲ್ಲೆ, ಅವಮಾನ, ಬೆದರಿಕೆಯಂಥ ಅಪರಾಧಗಳಿಗೆ ಆ ಪಟ್ಟಿಯಲ್ಲಿ ಜಾಗವಿದೆ. ವೈವಾಹಿಕ ಕ್ರೌರ್ಯಕ್ಕೆ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ, 1961ರ ಕಲಂ 8 ಆ ಕಾಯ್ದೆಯ ಅಪರಾಧಗಳೆಲ್ಲ ರಾಜಿಗೆ ಒಳಪಡುವುದಿಲ್ಲ ಎಂದು ನೇರವಾಗಿಯೇ ಹೇಳುತ್ತದೆ. ಅವಿಭಜಿತ ಆಂಧ್ರಪ್ರದೇಶ 2003ರಲ್ಲಿ ತಿದ್ದುಪಡಿ ತಂದು, ನ್ಯಾಯಾಲಯದ ಅನುಮತಿಯೊಂದಿಗೆ 498ಎ ಕೇಸಿನಲ್ಲಿ ರಾಜಿಗೆ ಅವಕಾಶ ಮಾಡಿತ್ತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಆಗಲಿಲ್ಲ. ಹೀಗಾಗಿ ಇಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಇಬ್ಬರೂ ಕೂಡಿ ರಾಜಿ ಅರ್ಜಿ ಕೊಟ್ಟರೂ ಹಲ್ಲೆ, ಬೈಗುಳದ ಕಲಂಗಳು ಮಾತ್ರ ಬಿದ್ದುಹೋಗಿ, ಕ್ರೌರ್ಯ ಮತ್ತು ವರದಕ್ಷಿಣೆಯ ಕಲಂಗಳು ಉಳಿದುಬಿಡುತ್ತವೆ. ಲೋಕ ಅದಾಲತ್ತಿಗೂ ರಾಜಿಯಾಗದ ಅಪರಾಧಗಳ ಮೇಲೆ ಅಧಿಕಾರವಿಲ್ಲ.

ಹೈಕೋರ್ಟಿನ ಅಂತರ್ಗತ ಅಧಿಕಾರ

ಈ ಕಗ್ಗಂಟನ್ನು ಬಿಡಿಸುವ ಅಧಿಕಾರ ಇರುವುದು ಹೈಕೋರ್ಟಿಗೆ. ನ್ಯಾಯದ ಉದ್ದೇಶ ಈಡೇರಿಸಲು ಮತ್ತು ನ್ಯಾಯಾಲಯದ ಪ್ರಕ್ರಿಯೆಯ ದುರುಪಯೋಗ ತಡೆಯಲು ಅದಕ್ಕೆ ಅಂತರ್ಗತ ಅಧಿಕಾರವಿದೆ. ಹಳೆಯ ಸಂಹಿತೆಯಲ್ಲಿ ಇದು ಕಲಂ 482. ಈಗ ಕಲಂ 528. ಜಿಲ್ಲಾ ನ್ಯಾಯಾಲಯಕ್ಕಾಗಲಿ, ಕೌಟುಂಬಿಕ ನ್ಯಾಯಾಲಯಕ್ಕಾಗಲಿ ಈ ಅಧಿಕಾರವಿಲ್ಲ.

ರಾಜಿಗೆ ಒಳಪಡದ ಅಪರಾಧವನ್ನು ಈ ಅಧಿಕಾರ ಬಳಸಿ ರದ್ದು ಮಾಡಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2003ರಲ್ಲಿ ಬಿ.ಎಸ್. ಜೋಶಿ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಹೆಂಡತಿಯೇ ಕೇಸು ಬೇಡವೆಂದರೂ, ಅಪರಾಧ ರಾಜಿಯಾಗದ್ದು ಎಂಬ ಕಾರಣಕ್ಕೆ ಹೈಕೋರ್ಟ್ ಅರ್ಜಿ ತಿರಸ್ಕರಿಸಿತ್ತು. ಮಹಿಳೆಯರ ಹಿತಕ್ಕಾಗಿ ಬಂದ ಕಲಮನ್ನು ಇಷ್ಟು ತಾಂತ್ರಿಕವಾಗಿ ನೋಡಿದರೆ ಆ ಮಹಿಳೆಯರ ಹಿತಕ್ಕೇ ಧಕ್ಕೆಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟು ಕೇಸನ್ನು ರದ್ದುಗೊಳಿಸಿತು. 2012ರಲ್ಲಿ ಜ್ಞಾನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿಯಿತು. ಮದುವೆ, ವರದಕ್ಷಿಣೆ, ಕುಟುಂಬ ಕಲಹದಿಂದ ಹುಟ್ಟಿದ ಕೇಸುಗಳಲ್ಲಿ ಇಬ್ಬರೂ ಪೂರ್ತಿಯಾಗಿ ರಾಜಿಯಾಗಿದ್ದು, ಶಿಕ್ಷೆಯಾಗುವ ಸಾಧ್ಯತೆ ತೀರ ಕಡಿಮೆಯಿದ್ದರೆ ಹೈಕೋರ್ಟ್ ಕೇಸನ್ನು ರದ್ದು ಮಾಡಬಹುದು. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳಿಗೆ ಈ ದಾರಿ ಇಲ್ಲ. ಇಂದು ಹೈಕೋರ್ಟುಗಳಲ್ಲಿ ನಡೆಯುವ ವೈವಾಹಿಕ ರದ್ದತಿಗಳಿಗೆಲ್ಲ ಈ ಎರಡು ತೀರ್ಪುಗಳೇ ಬುನಾದಿ.

ರಾಜಿಗೆ ವೇದಿಕೆಗಳು

ಎಫ್‌ಐಆರ್ ಆಗುವ ಮೊದಲೇ ರಾಜಿಯಾದರೆ ಹೈಕೋರ್ಟಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ವೈವಾಹಿಕ ವಿವಾದಗಳಲ್ಲಿ ಎಫ್‌ಐಆರ್ ದಾಖಲಿಸುವ ಮುನ್ನ ಪೊಲೀಸರು ಪ್ರಾಥಮಿಕ ವಿಚಾರಣೆ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮಹಿಳಾ ಠಾಣೆಯ ಆಪ್ತ ಸಮಾಲೋಚನೆ, ಮಹಿಳಾ ಸಹಾಯವಾಣಿ, ಸಾಂತ್ವನ ಕೇಂದ್ರಗಳಲ್ಲಿ ಮಾತುಕತೆ ನಡೆಯುವುದು ಈ ಹಂತದಲ್ಲೇ.

ಎಫ್‌ಐಆರ್ ಆದ ಮೇಲೆ ಇರುವ ಉತ್ತಮ ವೇದಿಕೆ ನ್ಯಾಯಾಲಯದ ಮಧ್ಯಸ್ಥಿಕಾ ಕೇಂದ್ರ. ರಾಜಿಯ ಸಾಧ್ಯತೆ ಕಂಡರೆ 498ಎ ಕೇಸುಗಳನ್ನೂ ಮಧ್ಯಸ್ಥಿಕೆಗೆ ಕಳಿಸಬೇಕೆಂದು 2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ನ್ಯಾಯಾಲಯಗಳಿಗೆ ಸೂಚಿಸಿತು. ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ 2007ರ ಜನವರಿ 1ರಿಂದ ಹೈಕೋರ್ಟಿನ ಆಶ್ರಯದಲ್ಲಿ ನಡೆಯುತ್ತಿದೆ, ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ನ್ಯಾಯಾಲಯದಿಂದ ಬಂದ ಪ್ರಕರಣಗಳಿಗೆ ಪಕ್ಷಗಾರರು ಶುಲ್ಕ ಕೊಡಬೇಕಾಗಿಲ್ಲ. ಅಲ್ಲಿ ಆಡಿದ ಮಾತು ಗೋಪ್ಯ. ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಂದವಾದರೆ ಅದಕ್ಕೆ ಪಕ್ಷಗಾರರು, ವಕೀಲರು, ಮಧ್ಯಸ್ಥಗಾರರು ಸಹಿ ಹಾಕಿ ನ್ಯಾಯಾಲಯಕ್ಕೆ ಕಳಿಸುತ್ತಾರೆ. ಊರ ಹಿರಿಯರ ಮುಂದೆ ಬರೆದ ಕಾಗದಕ್ಕಿಂತ ಇದಕ್ಕೆ ತೂಕ ಹೆಚ್ಚು.

ಛಾಪಾ ಕಾಗದದ ಮೇಲೆ ವಿಚ್ಛೇದನ ಬರೆದು ನೋಟರಿ ಮೊಹರು ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ಇದೆ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರ ಮಟ್ಟಿಗೆ, ರೂಢಿಯಲ್ಲಿ ಬಂದ ಕುಲಾಚಾರ ಸಾಬೀತಾಗದ ಹೊರತು, ಅಂಥ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದವರು ಹೊಸದೊಂದು ಕ್ರಿಮಿನಲ್ ಕೇಸನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಒಪ್ಪಂದ ಪತ್ರದಲ್ಲಿ ಇರಬೇಕಾದದ್ದು

ಮುಂದೆ ಏಳುವ ತಕರಾರುಗಳಲ್ಲಿ ಬಹುಪಾಲು ಒಪ್ಪಂದ ಪತ್ರದಲ್ಲಿ ಬಿಟ್ಟುಹೋದ ಸಾಲುಗಳಿಂದ ಬರುತ್ತವೆ. ಮೊದಲು ಬೇಕಾದದ್ದು ಎರಡೂ ಕಡೆಯ ಎಲ್ಲ ಕೇಸುಗಳ ಪಟ್ಟಿ: ಠಾಣೆಯ ಹೆಸರು, ಅಪರಾಧ ಸಂಖ್ಯೆ, ನ್ಯಾಯಾಲಯದ ಕೇಸ್ ನಂಬರ್, ಈಗಿನ ಹಂತ. ಕ್ರಿಮಿನಲ್ ಕೇಸಿನ ಜೊತೆಗೆ ಜೀವನಾಂಶದ ಅರ್ಜಿ, ಕೌಟುಂಬಿಕ ದೌರ್ಜನ್ಯ ಕಾಯ್ದೆ, 2005ರ ಅರ್ಜಿ, ಮಗುವಿನ ಪಾಲನೆಯ ದಾವೆ, ಗಂಡನ ಕಡೆಯಿಂದ ಹಾಕಿದ ಪ್ರತಿದೂರು, ಚೆಕ್ ಬೌನ್ಸ್ ಕೇಸು ಇವೆಲ್ಲ ಅದರಲ್ಲಿ ಸೇರಬೇಕು. ಯಾವ ಕೇಸನ್ನು ಯಾರು, ಯಾವ ನ್ಯಾಯಾಲಯದಲ್ಲಿ, ಎಷ್ಟು ದಿನದೊಳಗೆ ಮುಗಿಸಬೇಕು ಎಂದು ಪ್ರತಿಯೊಂದರ ಎದುರೂ ಬರೆಯಬೇಕು. "ಎಲ್ಲ ಕೇಸುಗಳನ್ನು ಹಿಂಪಡೆಯತಕ್ಕದ್ದು" ಎಂಬ ಒಂದೇ ಸಾಲು ಸಾಲದು.

ಎರಡನೆಯದು ಹಣ. ಒಟ್ಟು ಮೊತ್ತ ಎಷ್ಟು, ಅದು ಶಾಶ್ವತ ಜೀವನಾಂಶವೇ, ಹಿಂದಿನ ಬಾಕಿಯೂ ಅದರಲ್ಲಿ ಸೇರಿದೆಯೇ, ಎಷ್ಟು ಕಂತು, ಯಾವ ದಿನ, ಡಿಡಿಯೋ ಬ್ಯಾಂಕ್ ವರ್ಗಾವಣೆಯೋ ಎಂಬುದು ಸ್ಪಷ್ಟವಿರಬೇಕು. ನಗದು ಕೊಟ್ಟು ರಸೀದಿ ಪಡೆಯದಿದ್ದರೆ ಮುಂದೆ ಸಾಬೀತು ಮಾಡುವುದು ಕಷ್ಟ. ಮೂರನೆಯದು ಸ್ತ್ರೀಧನ. ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ, ಬೆಳ್ಳಿ ಸಾಮಾನು, ಪಾತ್ರೆ, ವಾಹನವನ್ನು ಪಟ್ಟಿಯಾಗಿ ಬರೆದು, ಹಸ್ತಾಂತರದ ದಿನ ಅದೇ ಪಟ್ಟಿಯ ಮೇಲೆ ಸಹಿ ಪಡೆಯುವುದು ರೂಢಿ. ಶಾಲೆಯ ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್ ಮುಂತಾದ ಮೂಲ ದಾಖಲೆಗಳೂ ಈ ಪಟ್ಟಿಯಲ್ಲಿರಬೇಕು. ಜಗಳದ ಮನೆಯಲ್ಲಿ ಮೊದಲು ಕಾಣೆಯಾಗುವುದು ಇವೇ.

ನಾಲ್ಕನೆಯದು ಮಕ್ಕಳು. ಪಾಲನೆ ಯಾರದು, ಇನ್ನೊಬ್ಬರು ಮಗುವನ್ನು ಯಾವ ವಾರ, ಎಲ್ಲಿ, ಎಷ್ಟು ಹೊತ್ತು ಕಾಣಬಹುದು, ರಜೆಯ ವ್ಯವಸ್ಥೆ ಏನು, ಶಾಲೆಯ ಖರ್ಚು ಯಾರದು ಎಂಬುದನ್ನು ಬರೆಯಬೇಕು. ತಾಯಿ ತನ್ನ ಜೀವನಾಂಶದ ಬೇಡಿಕೆ ಬಿಡಬಹುದು. ಮಗುವಿನ ಹಕ್ಕನ್ನು ಅದರ ಪರವಾಗಿ ಬಿಟ್ಟುಕೊಡಲು ಬರುವುದಿಲ್ಲ. ಅಂಥ ಷರತ್ತು ಬರೆದರೂ ಅದು ಮಗುವನ್ನು ಕಟ್ಟಿಹಾಕದು. ಕೊನೆಯದು, ಮಾತು ತಪ್ಪಿದವರಿಗೆ ಏನಾಗಬೇಕು ಎಂಬ ಷರತ್ತು.

ಅನುಕ್ರಮವೇ ಜೀವಾಳ

ರಾಜಿ ಮುರಿದುಬೀಳುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಕೇಸು ರದ್ದಾದ ಮೇಲೆ ಹಣ ಬರದಿದ್ದರೆ ಎಂಬ ಅಂಜಿಕೆ ಹೆಂಡತಿಗೆ. ಹಣ ಕೊಟ್ಟ ಮೇಲೆ ಆಕೆ ಹೈಕೋರ್ಟಿಗೆ ಬಾರದಿದ್ದರೆ ಎಂಬ ಅಂಜಿಕೆ ಗಂಡನಿಗೆ. ಪರಿಹಾರವೆಂದರೆ ಹಣವನ್ನು ಕಾನೂನಿನ ಮೆಟ್ಟಿಲುಗಳಿಗೆ ಜೋಡಿಸುವುದು.

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಎರಡು ಹಂತ ಹೇಳುತ್ತದೆ. ಕನಿಷ್ಠ ಒಂದು ವರ್ಷ ಬೇರೆಯಾಗಿದ್ದವರು ಜಂಟಿ ಅರ್ಜಿ ಹಾಕಬೇಕು. ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ, ಎರಡನೆಯ ಬಾರಿ ಬಂದು ಒಪ್ಪಿಗೆ ಹೇಳಬೇಕು. ಬೇರೆಯಾಗಿ ಸಾಕಷ್ಟು ಕಾಲವಾಗಿದ್ದು, ಮತ್ತೆ ಒಂದಾಗುವ ಯತ್ನಗಳೆಲ್ಲ ವಿಫಲವಾಗಿದ್ದು, ಜೀವನಾಂಶ ಮತ್ತು ಮಕ್ಕಳ ವಿಚಾರ ಇತ್ಯರ್ಥವಾಗಿದ್ದರೆ ಆರು ತಿಂಗಳ ಕಾಯುವಿಕೆಯನ್ನು ಕೌಟುಂಬಿಕ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಉದಾಹರಣೆಗೆ, 12 ಲಕ್ಷ ರೂಪಾಯಿಗೆ ಒಪ್ಪಂದವಾಗಿದೆ ಎಂದುಕೊಳ್ಳೋಣ. ಜಂಟಿ ಅರ್ಜಿ ಹಾಕಿದ ದಿನ 4 ಲಕ್ಷದ ಡಿಡಿ. ಅದೇ ದಿನ ಒಡವೆಯ ಹಸ್ತಾಂತರ. ಎರಡನೆಯ ಹೇಳಿಕೆಯ ದಿನ ಇನ್ನೊಂದು 4 ಲಕ್ಷ; ಅಂದು ಜೀವನಾಂಶದ ಮತ್ತು ಕೌಟುಂಬಿಕ ದೌರ್ಜನ್ಯದ ಅರ್ಜಿಗಳನ್ನು ಹಿಂಪಡೆಯುವ ಮೆಮೊಗಳಿಗೆ ಹೆಂಡತಿಯ ಸಹಿ. ಕೊನೆಯ 4 ಲಕ್ಷದ ಡಿಡಿ ಗಂಡನ ವಕೀಲರ ಕಡತದಲ್ಲಿ ಹೈಕೋರ್ಟಿಗೆ ಬರುತ್ತದೆ. ಆಕೆ ತನ್ನ ಒಪ್ಪಿಗೆಯನ್ನು ನ್ಯಾಯಮೂರ್ತಿಗಳ ಮುಂದೆ ಹೇಳಿದ ಮೇಲೆ ಅಲ್ಲೇ ಕೈಬದಲಾಗುತ್ತದೆ. ಡಿಡಿಯ ನಂಬರ್ ಮತ್ತು ಮೊತ್ತ ಆದೇಶದಲ್ಲಿ ದಾಖಲಾಗುತ್ತವೆ. ಹೀಗೆ ಮಾಡಿದರೆ ಯಾವ ಹಂತದಲ್ಲೂ ಒಬ್ಬರ ಕೈ ಪೂರ್ತಿ ಬರಿದಾಗುವುದಿಲ್ಲ. ದಂಪತಿ ಮತ್ತೆ ಒಂದಾಗಿ ಬಾಳಲು ನಿರ್ಧರಿಸಿದ್ದರೆ ವಿಚ್ಛೇದನದ ಹಂತಗಳು ಬೇಡ. ಒಟ್ಟಿಗೆ ವಾಸಿಸುತ್ತಿರುವುದನ್ನು ಪ್ರಮಾಣಪತ್ರದಲ್ಲಿ ಹೇಳಿ ನೇರವಾಗಿ ಹೈಕೋರ್ಟಿಗೆ ಹೋಗಬಹುದು.

ಹೈಕೋರ್ಟಿನಲ್ಲಿ ಅರ್ಜಿ

ಕಲಂ 528ರ ಅಡಿ ಹಾಕುವ ಅರ್ಜಿಗೆ ಕ್ರಿಮಿನಲ್ ಪಿಟಿಷನ್ ಎಂದು ಹೆಸರು. ಯಾವ ಜಿಲ್ಲೆಯ ಕೇಸು ಎಂಬುದರ ಮೇಲೆ ಬೆಂಗಳೂರಿನ ಪ್ರಧಾನ ಪೀಠವೋ, ಧಾರವಾಡ ಅಥವಾ ಕಲಬುರಗಿ ಪೀಠವೋ ಎಂಬುದು ತೀರ್ಮಾನವಾಗುತ್ತದೆ. ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡದಂಥ ಜಿಲ್ಲೆಗಳವರು ಧಾರವಾಡಕ್ಕೆ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿಗೆ ಹೋಗಬೇಕು.

ಅರ್ಜಿದಾರರು ಆರೋಪಿಗಳು. ಗಂಡನ ಜೊತೆ ಅತ್ತೆ, ಮಾವ, ನಾದಿನಿ, ಮೈದುನ ಎಂದು ಎಷ್ಟು ಮಂದಿಯ ಹೆಸರು ಎಫ್‌ಐಆರ್‌ನಲ್ಲಿದೆಯೋ ಅಷ್ಟೂ ಮಂದಿ ಸೇರಬೇಕು. ಒಬ್ಬರ ಹೆಸರು ಬಿಟ್ಟುಹೋದರೆ ಅವರ ಮೇಲಿನ ಕೇಸು ಉಳಿದುಹೋಗಬಹುದು. ಮೊದಲ ಪ್ರತಿವಾದಿ ಸಂಬಂಧಪಟ್ಟ ಠಾಣೆಯ ಮೂಲಕ ಕರ್ನಾಟಕ ರಾಜ್ಯ, ಎರಡನೆಯವರು ದೂರುದಾರೆ. ದೂರು ಕೊಟ್ಟವರು ಆಕೆಯ ತಂದೆಯೋ ಅಣ್ಣನೋ ಆಗಿದ್ದರೆ ಅವರನ್ನೂ ಹೆಂಡತಿಯನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಕ್ಷೇಮ.

ಅರ್ಜಿಯ ಜೊತೆ ದೂರು ಮತ್ತು ಎಫ್‌ಐಆರ್‌ನ ನಕಲು, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದ್ದರೆ ಅದು, ಕೆಳ ನ್ಯಾಯಾಲಯದ ಆರ್ಡರ್ ಶೀಟ್, ಒಪ್ಪಂದ ಪತ್ರ ಅಥವಾ ಮಧ್ಯಸ್ಥಿಕಾ ವರದಿ, ವಿಚ್ಛೇದನವಾಗಿದ್ದರೆ ಡಿಕ್ರಿಯ ದೃಢೀಕೃತ ನಕಲು, ಹಣ ಸಂದಾಯದ ಪುರಾವೆ, ಗುರುತಿನ ಚೀಟಿಗಳು ಇರಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ರಾಜಿ ಅರ್ಜಿ ಮತ್ತು ಅದಕ್ಕೆ ಲಗತ್ತಿಸುವ ಜಂಟಿ ಪ್ರಮಾಣಪತ್ರ. ಯಾರ ಒತ್ತಡವೂ ಇಲ್ಲದೆ ರಾಜಿಯಾಗಿದ್ದೇನೆ, ಕೇಸು ರದ್ದಾದರೆ ನನ್ನ ಆಕ್ಷೇಪವಿಲ್ಲ ಎಂದು ದೂರುದಾರೆ ಅದರಲ್ಲಿ ಪ್ರಮಾಣ ಮಾಡಿ ಹೇಳುತ್ತಾರೆ. ಕನ್ನಡ ಮಾತ್ರ ಬಲ್ಲವರ ಪ್ರಮಾಣಪತ್ರ ಇಂಗ್ಲಿಷಿನಲ್ಲಿದ್ದರೆ, ಅದನ್ನು ಕನ್ನಡದಲ್ಲಿ ಓದಿ ತಿಳಿಸಲಾಗಿದೆ ಎಂಬ ಒಕ್ಕಣೆ ಇರುವುದು ಒಳ್ಳೆಯದು.

ವಿಚಾರಣೆಯ ದಿನ ಪಕ್ಷಗಾರರು ಮೂಲ ಗುರುತಿನ ಚೀಟಿಯೊಂದಿಗೆ ಹಾಜರಿರಬೇಕಾಗುತ್ತದೆ. ಇಬ್ಬರ ವಕೀಲರೂ ಅವರನ್ನು ಗುರುತಿಸುತ್ತಾರೆ. ನ್ಯಾಯಮೂರ್ತಿಗಳು ದೂರುದಾರೆಯನ್ನು ನೇರವಾಗಿ ಕೇಳುವ ಪ್ರಶ್ನೆಗಳು ನಾಲ್ಕೈದು: ಈ ಕಾಗದಕ್ಕೆ ಸಹಿ ಹಾಕಿದ್ದು ನೀವೇ? ಅದರಲ್ಲಿ ಏನಿದೆ ಗೊತ್ತೇ? ಹಣ, ಒಡವೆ ಬಂದಿದೆಯೇ? ಯಾರಾದರೂ ಹೆದರಿಸಿದ್ದಾರೆಯೇ? ಸರ್ಕಾರಿ ವಕೀಲರ ಅಭಿಪ್ರಾಯವನ್ನೂ ಪೀಠ ಕೇಳುತ್ತದೆ. ವಿದೇಶದಲ್ಲಿ ಇರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪ್ರಮಾಣಪತ್ರ ಅಥವಾ ಮುಖ್ತಾರು ಪತ್ರ ಕಳಿಸಿ, ನ್ಯಾಯಾಲಯ ಒಪ್ಪಿದರೆ ವಿಡಿಯೊ ಮೂಲಕ ಹಾಜರಾಗಬಹುದು.

ತನಿಖೆ ನಡೆಯುತ್ತಿರಲಿ, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿರಲಿ, ಸಾಕ್ಷಿಗಳ ವಿಚಾರಣೆ ಆರಂಭವಾಗಿರಲಿ, ಅರ್ಜಿಗೆ ಅಡ್ಡಿಯಿಲ್ಲ. ಕೆಳ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಮೇಲ್ಮನವಿ ಬಾಕಿಯಿರುವಾಗಲೂ ಖಾಸಗಿ ಸ್ವರೂಪದ, ಘೋರವಲ್ಲದ ಕೇಸುಗಳನ್ನು ಹೈಕೋರ್ಟ್ ರದ್ದುಗೊಳಿಸಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಹಂತ ಮುಂದೆ ಹೋದಷ್ಟೂ ಪರಿಶೀಲನೆ ಬಿಗಿಯಾಗುತ್ತದೆ. ವಿವಾದ ಸುಪ್ರೀಂ ಕೋರ್ಟಿನಲ್ಲೇ ಇದ್ದರೆ, ಸಂವಿಧಾನದ 142ನೇ ವಿಧಿಯ ಅಡಿ ಅದು ವಿಚ್ಛೇದನವನ್ನೂ ಕೇಸುಗಳ ರದ್ದತಿಯನ್ನೂ ಒಟ್ಟಿಗೇ ಆದೇಶಿಸಬಹುದು. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿದೆ.

ವಕೀಲರ ಶುಲ್ಕ ಭರಿಸಲಾಗದ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವಿದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು.

ಅಡ್ಡದಾರಿಯ ಅಪಾಯ

ಹೈಕೋರ್ಟಿನ ಖರ್ಚು ತಪ್ಪಿಸಲು, ಸಾಕ್ಷಿಕಟ್ಟೆಯಲ್ಲಿ ನಿಂತು "ಅಂಥದ್ದೇನೂ ನಡೆದಿಲ್ಲ" ಎಂದು ದೂರುದಾರೆ ಹೇಳಿ, ಪ್ರತಿಕೂಲ ಸಾಕ್ಷಿಯಾಗಿ, ಕೇಸು ಖುಲಾಸೆಯಾಗುವುದನ್ನು ಕಾಯುವವರಿದ್ದಾರೆ. ಪ್ರಮಾಣ ಮಾಡಿ ಸುಳ್ಳು ಹೇಳುವುದು ತಾನೇ ಒಂದು ಅಪರಾಧ. ಆಕೆ ಹಾಗೆ ಹೇಳಿದರೂ ಬೇರೆ ಸಾಕ್ಷಿಗಳು, ವೈದ್ಯಕೀಯ ದಾಖಲೆಗಳು ಕೇಸನ್ನು ಮುಂದುವರಿಸಬಹುದು. ಸಾಕ್ಷ್ಯದ ಹಂತ ಬರಲು ವರ್ಷಗಳೇ ಹಿಡಿಯುವುದೂ ಉಂಟು.

ಆದೇಶ ಬಂದ ಮೇಲೆ

ರದ್ದತಿಯ ಆದೇಶ ಹೈಕೋರ್ಟಿನ ಜಾಲತಾಣದಲ್ಲಿ ಕಂಡ ಕೂಡಲೇ ಕೆಲಸ ಮುಗಿಯಲಿಲ್ಲ. ಅದರ ದೃಢೀಕೃತ ನಕಲು ಪಡೆದು ಕೆಳ ನ್ಯಾಯಾಲಯಕ್ಕೆ ಮೆಮೊ ಜೊತೆ ಸಲ್ಲಿಸಬೇಕು. ತನಿಖೆಯ ಹಂತವಾದರೆ ಠಾಣೆಗೂ ಕೊಡಬೇಕು. ಕೆಳ ನ್ಯಾಯಾಲಯದ ದಾಖಲೆಯಲ್ಲಿ ಕೇಸು ಮುಗಿದಿದೆ ಎಂದು ನಮೂದಾಗಿದೆಯೇ ಎಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಬಹುದು. ವಾರಂಟ್ ಬಾಕಿಯಿದ್ದರೆ ಅದು ಹಿಂದಿರುಗಬೇಕು. ಲುಕ್‌ಔಟ್ ಸುತ್ತೋಲೆ ಹೊರಡಿಸಿದ್ದರೆ ಅದರ ರದ್ದತಿಗೆ ಪೊಲೀಸರಿಗೆ ಪ್ರತ್ಯೇಕವಾಗಿ ಬರೆದುಕೊಡಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಲ್ಲಿ ತಡೆಯುವ ಸಂಭವವಿದೆ. ಠೇವಣಿ ಇಟ್ಟ ಹಣ, ಜಪ್ತಿಯಾದ ವಸ್ತು, ನ್ಯಾಯಾಲಯಕ್ಕೆ ಒಪ್ಪಿಸಿದ ಪಾಸ್‌ಪೋರ್ಟ್ ವಾಪಸ್ ಕೇಳಲು ಅರ್ಜಿ ಬೇಕು. ಜಾಮೀನು ನಿಂತವರ ಪಹಣಿಯಲ್ಲಿ ಹೊಣೆಯ ನಮೂದು ಆಗಿದ್ದರೆ ಅದನ್ನೂ ತೆಗೆಸಬೇಕು. ಉಪಕಾರ ಮಾಡಿದವರು ಬ್ಯಾಂಕ್ ಸಾಲಕ್ಕೆ ಹೋದಾಗ ಅದು ತೊಡಕಾಗುತ್ತದೆ.

ಪಾಸ್‌ಪೋರ್ಟ್ ಕಾಯ್ದೆಯ ಕಲಂ 6ರ ಪ್ರಕಾರ ಕ್ರಿಮಿನಲ್ ಕೇಸು ಬಾಕಿಯಿರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶವಿದೆ. ಪೊಲೀಸ್ ಪರಿಶೀಲನೆಯಲ್ಲಿ ಹಳೆಯ ಎಫ್‌ಐಆರ್ ಕಂಡುಬಂದರೆ ತೋರಿಸಲು ಆದೇಶದ ಎರಡು ಮೂರು ದೃಢೀಕೃತ ನಕಲುಗಳನ್ನು ಶಾಶ್ವತವಾಗಿ ಕಾದಿಡಬೇಕು. ಸರ್ಕಾರಿ ನೌಕರರ ಮೇಲಿನ ಇಲಾಖಾ ವಿಚಾರಣೆ ಬೇರೆಯೇ ಪ್ರಕ್ರಿಯೆ. ಕೇಸು ರದ್ದಾದ ಮಾತ್ರಕ್ಕೆ ಅದು ತಾನಾಗಿ ಮುಗಿಯುವುದಿಲ್ಲ.

ಮಾತು ತಪ್ಪಿದರೆ

ಒಪ್ಪಂದದ ಲಾಭವೆಲ್ಲ ಪಡೆದು, ಕೇಸು ರದ್ದತಿಗೆ ಮಾತ್ರ ಬರಲೊಲ್ಲೆ ಎಂದರೆ ಗಂಡ ಒಬ್ಬನೇ ಹೈಕೋರ್ಟಿಗೆ ಹೋಗಬಹುದು. ರಾಜಿಯ ಪ್ರಕಾರ ವಿಚ್ಛೇದನ ಪಡೆದ ಮೇಲೆ ಕೇಸು ಮುಂದುವರಿಸಲು ಬಯಸಿದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಪ್ರಕ್ರಿಯೆಯ ದುರುಪಯೋಗವೆಂದು ಪರಿಗಣಿಸಿ ಕೇಸನ್ನು ರದ್ದು ಮಾಡಿತ್ತು. ಗಂಡ ಕಂತು ಕಟ್ಟದಿದ್ದರೆ, ಆತ ನ್ಯಾಯಾಲಯಕ್ಕೇ ಮುಚ್ಚಳಿಕೆ ಬರೆದುಕೊಟ್ಟಿದ್ದ ಪಕ್ಷದಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು. ಡಿಕ್ರಿಯಲ್ಲಿ ಮೊತ್ತ ನಮೂದಾಗಿದ್ದರೆ ಅಮಲ್ಜಾರಿ ಅರ್ಜಿಯೂ ಇದೆ. ಖಾಸಗಿ ಕಾಗದದಲ್ಲಷ್ಟೇ ಮಾತು ಕೊಟ್ಟಿದ್ದರೆ ನಿಂದನೆಯ ಅಸ್ತ್ರ ಸಿಗುವುದಿಲ್ಲ. ಒಪ್ಪಂದವನ್ನು ನ್ಯಾಯಾಲಯದ ದಾಖಲೆಗೆ ಸೇರಿಸಬೇಕು ಎನ್ನುವುದು ಈ ಕಾರಣಕ್ಕೆ. ಇನ್ನೊಂದು ವಿಷಯ: ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಡಿಕ್ರಿಯಾಗುವ ಮುನ್ನ ಒಬ್ಬರು ಒಪ್ಪಿಗೆ ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಎರಡನೆಯ ಹೇಳಿಕೆಗೆ ಮೊದಲು ಪೂರ್ತಿ ಹಣ ಕೊಟ್ಟುಬಿಡುವುದಾಗಲಿ, ಎಲ್ಲ ಕೇಸು ಬಿಟ್ಟುಬಿಡುವುದಾಗಲಿ ಜಾಣತನವಲ್ಲ.

ರದ್ದಾಗದ ಕೇಸುಗಳು

ವರದಕ್ಷಿಣೆ ಸಾವು, ಕೊಲೆ, ಅತ್ಯಾಚಾರ ಮುಂತಾದ ಆರೋಪಗಳಿರುವ ಕೇಸಿನಲ್ಲಿ ಮನೆಯವರು ರಾಜಿಯಾದರೂ ಹೈಕೋರ್ಟ್ ಒಪ್ಪುವುದಿಲ್ಲ. ಕೊಲೆಯತ್ನದ ಕಲಂ ಸೇರಿದ್ದರೆ, ಗಾಯ ಎಲ್ಲಿ ಆಗಿದೆ, ಎಂಥ ಆಯುಧ ಬಳಸಲಾಗಿದೆ, ವೈದ್ಯಕೀಯ ವರದಿ ಏನು ಹೇಳುತ್ತದೆ ಎಂಬುದನ್ನು ನೋಡಿ ತೀರ್ಮಾನಿಸುತ್ತದೆ. ಹೆಂಡತಿಯ ಒಪ್ಪಿಗೆ ಬೆದರಿಕೆಯಿಂದ ಬಂದದ್ದು ಎನ್ನಿಸಿದರೆ ಹಗುರ ಆರೋಪದ ಕೇಸಿನಲ್ಲೂ ಅರ್ಜಿ ಬೀಳುತ್ತದೆ. ಕಲಂ 528ರ ಅಡಿ ರದ್ದತಿ ಹಕ್ಕಾಗಿ ಸಿಗುವಂಥದ್ದಲ್ಲ. ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಆದ್ದರಿಂದ ರಾಜಿಗೆ ಕೂರುವ ಎರಡೂ ಕಡೆಯವರು ಸಹಿ ಹಾಕುವ ಮುನ್ನ ತಮ್ಮದೇ ವಕೀಲರಿಂದ ಪತ್ರವನ್ನು ಓದಿಸಬೇಕು, ಇಬ್ಬರಿಗೂ ಒಬ್ಬರೇ ವಕೀಲರನ್ನು ನಂಬಿ ಕೂರಬಾರದು, ಹೈಕೋರ್ಟಿನ ಆದೇಶ ಕೈಗೆ ಬರುವವರೆಗೆ ಕೆಳ ನ್ಯಾಯಾಲಯದ ಒಂದು ವಾಯಿದೆಯನ್ನೂ ತಪ್ಪಿಸಬಾರದು.